ಗುಲಾಬಿಯ ಸ್ವರ ದಪ್ಪವಾದ ಕಥೆ

ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಈಗ ಮತ್ತೆ ಕೆಲವರು ಕೈಹಾಕುತ್ತಿದ್ದಾರೆ. ಅವರಲ್ಲಿ ಇಬ್ಬರು ಮೂವರು ನನ್ನನ್ನು ಹುಡುಕಿಕೊಂಡು ಬಂದು, "ಅಕ್ಕ, ಸೆಟ್ಟಿಂಗ್ ಎಷ್ಟರಂಗೆ ಇಡ್ಕ್?" ಎಂದು ಕೇಳಿದರು. ಒಂದೇ ಮಾತಿನಲ್ಲಿ ಉತ್ತರ ಹೇಳಿ ಚಾ ಕೊಟ್ಟು ಕಳಿಸಬಹುದಿತ್ತು. ಕಳಿಸಿದ್ದೂ ಹಾಗೆಯೇ. ಅವರು ಹೋದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತೇಳರಲ್ಲಿ, ಕುಂದಾಪುರದ ಒಂದು ಕ್ಯಾಸೆಟ್ ಅಂಗಡಿಗೆ. ಮಹಡಿಯ ಮೇಲೆ ಎರಡು ಕೋಣೆ. ಮುಂದಿನದರಲ್ಲಿ ಗೋಡೆ ತುಂಬ ಕ್ಯಾಸೆಟ್ಟು, ಹಿಂದಿನದರಲ್ಲಿ ಒಂದರಿಂದ ಇನ್ನೊಂದಕ್ಕೆ ತುಂಬುವ ಡೆಕ್ಕುಗಳು. ಯಜಮಾನರು ರಾಮಚಂದ್ರಣ್ಣ. ಅವರು ಮುಂದೆ ಕುಳಿತು ಮಾತಾಡುವವರು, ನಾನು ಹಿಂದೆ ಕುಳಿತು ಕೇಳುವವಳು. ಬೆಳಿಗ್ಗೆ ಹೋದೊಡನೆ ನನ್ನ ಮೊದಲ ಕೆಲಸ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಡೆಕ್ಕಿನಲ್ಲಿ ಟೇಪು ತಾಗಿ ಹೋಗುವ ಹೆಡ್ ಒರೆಸುವುದು. ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಂತರೆ ಹೆಡ್ ಚೊಕ್ಕ ಆಯಿತೆಂದು ಲೆಕ್ಕ. ಮಳೆಗಾಲದಲ್ಲಿ ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿಯುತ್ತಿತ್ತು. ಅದನ್ನು ಬಿಸಿಲಿಗಿಟ್ಟರೆ ಟೇಪು ಸೊಟ್ಟಗಾಗುತ್ತದೆ. ಹಾಗಾಗಿ ಅಕ್ಕಿ ಡಬ್ಬದೊಳಗೆ ಎರಡು ದಿನ ಇಟ್ಟು, ಆಮೇಲೆ ಕೈಯಲ್ಲೇ ನಿಧಾನಕ್ಕೆ ಸುತ್ತಿ ಒರೆಸುತ್ತಿದ್ದೆ.

ಗೆರೆ ಹಾಕಿದ ಒಂದು ಪುಸ್ತಕ ಇಟ್ಟುಕೊಂಡಿದ್ದೆ. ಯಾರು ತಂದದ್ದು, ಒಳಗೆ ಏನಿದೆ, ಎ ಬದಿ ಎಷ್ಟು ನಿಮಿಷ, ಬಿ ಬದಿ ಎಷ್ಟು, ಎಲ್ಲಿ ಕರಕರ, ಎಲ್ಲಿ ಯಾರೋ ಕೆಮ್ಮಿದ್ದಾರೆ, ಎಲ್ಲವನ್ನೂ ಬರೆಯುವುದು. ರಾಮಚಂದ್ರಣ್ಣ ತಮಾಷೆ ಮಾಡುತ್ತಿದ್ದರು: "ಹ್ವಾಯ್ ಜಲಜ, ಆ ಕೆಮ್ಮಿದರ್ ಯಾರ್ ಅಂದ್ಹೇಳಿಯೂ ಬರಿ. ನಾಳೆ ಅವ್ರ್ ಬಂದ್ ನನ್ನ್ ಕೆಮ್ಮು ಎಲ್ಲಿತ್ತ್ ಅಂದ್ರೆ ತೋರ್ಸುಕ್ ಆತ್ತ್."

ನನ್ನ ಮೊದಲನೆಯ ದೊಡ್ಡ ತಪ್ಪು ಬೈಂದೂರು ಬಸ್ಸಿನದು. ಆ ಲೈನಿನ ಒಂದು ಬಸ್ಸಿನ ಕಂಡಕ್ಟರ್ ಶೇಖರ ಜೋಡಿ ಹಾಡುಗಳ ಒಂದು ಕ್ಯಾಸೆಟ್ ತುಂಬಿಸಿಕೊಂಡು ಹೋದ. ನಾನು ಬಹಳ ಚಂದ ಮಾಡಿ ಕೊಟ್ಟಿದ್ದೆ. ಗಂಡಿನ ಸ್ವರ ಎಡಗಡೆ, ಹೆಣ್ಣಿನ ಸ್ವರ ಬಲಗಡೆ, ಎರಡೂ ಬೇರೆಬೇರೆಯಾಗಿ ಕೇಳುವ ಹಾಗೆ. ನಾಲ್ಕನೇ ದಿನ ಅವನು ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತ.

"ಅಕ್ಕ, ನಿಮ್ಮ್ ಕ್ಯಾಸೆಟ್ಟಂಗೆ ಗಂಡ ಒಬ್ನೇ ಹಾಡ್ತಾ ಇದ್ದ. ಹೆಂಡ್ತಿ ಸಿಟ್ಟ್ ಮಾಡ್ಕಂಡ್ ಅಪ್ಪನ್ಮನಿಗ್ ಹೋಯ್ಳಾ ಎಂತ?"

ಬಸ್ಸಿನಲ್ಲಿ ಸರಿಯಿದ್ದ ಸ್ಪೀಕರ್ ಒಂದೇ, ಅದೂ ಎಡಗಡೆಯದು. ಹಾಡಿನ ಗಂಡು ಪ್ರಶ್ನೆ ಕೇಳುತ್ತಾನೆ, ಸಂಗೀತ ಬರುತ್ತದೆ, ಉತ್ತರ ಇಲ್ಲ. ಮತ್ತೆ ಕೇಳುತ್ತಾನೆ, ಉತ್ತರ ಇಲ್ಲ. ಶಿರೂರಿನಿಂದ ಹತ್ತುವ ಹೆಂಗಸರು ಆ ಸಂಗೀತದ ಜಾಗಕ್ಕೆ ತಾವೇ ಉತ್ತರ ಕೊಡಲು ಶುರುಮಾಡಿದ್ದರಂತೆ. ಶೇಖರನಿಗೆ ನಗುವೂ ಬಂದಿತ್ತು, ಸಿಟ್ಟೂ ಬಂದಿತ್ತು. ಎಡಬಲ ಎರಡನ್ನೂ ಒಟ್ಟು ಸೇರಿಸಿ ಮೋನೊ ಮಾಡಿ ಕೊಟ್ಟೆ. ಎಲ್ಲಿ ಕೇಳುತ್ತಾರೆ, ಯಾವುದರಲ್ಲಿ ಕೇಳುತ್ತಾರೆ ಎಂದು ವಿಚಾರಿಸದೆ ಸೆಟ್ಟಿಂಗ್ ಇಡಬಾರದೆಂದು ಅವತ್ತು ಕಲಿತೆ. ಆ ತಪ್ಪಿಗೆ ನಾಚಿಕೆಯಾಗಲಿಲ್ಲ. ಊರಿಡೀ ಹೇಳಿಕೊಂಡು ನಕ್ಕಿದ್ದೇನೆ.

ಆಮೇಲೆ ಸಿಡಿ ಬಂತು, ಕಂಪ್ಯೂಟರ್ ಬಂತು. ರಾಮಚಂದ್ರಣ್ಣನಿಗೆ ಕಂಪ್ಯೂಟರಿನಲ್ಲಿ ತುಂಬ ಇಷ್ಟವಾದದ್ದು ಶಬ್ದವನ್ನು ಏರಿಸಿ ಇಳಿಸುವ ಆ ಸಾಲುಸಾಲು ಗುಂಡಿಗಳು. ಢಂ ಅನ್ನುವುದನ್ನು ಮೇಲಕ್ಕೆ ತಳ್ಳಿ, ಚಿಣ್ ಅನ್ನುವುದನ್ನೂ ಮೇಲಕ್ಕೆ ತಳ್ಳಿ, ಮೇಲಿಂದ "ದೊಡ್ಡ ಸಭಾಂಗಣ" ಎಂಬ ಇನ್ನೊಂದನ್ನು ಹಾಕುವರು. ಯಾವ ಹಾಡು ಹಾಕಿದರೂ ಬಾವಿಯೊಳಗೆ ಡೋಲು ಬಾರಿಸಿದ ಹಾಗೆ ಕೇಳುತ್ತಿತ್ತು. ಗಿರಾಕಿಗಳು ಮಾತ್ರ ಬಾಯಿಬಿಟ್ಟು ನಿಲ್ಲುತ್ತಿದ್ದರು.

ಅದನ್ನೆಲ್ಲ ನಿಲ್ಲಿಸಿದವರು ಐತಾಳ ಮಾಸ್ತರರು. ಬ್ರಹ್ಮಾವರದವರು, ಹೈಸ್ಕೂಲಿನಲ್ಲಿ ಲೆಕ್ಕದ ಪಾಠ ಹೇಳಿ ನಿವೃತ್ತರಾದವರು. ಸಂಗೀತದ ಹುಚ್ಚು ಇತ್ತು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವರು, ಹಿಂದಿನ ಕೋಣೆಯಲ್ಲಿ ನನ್ನ ಸ್ಟೂಲಿನ ಮೇಲೆ ಕೂರುವರು. ಒಂದು ದಿನ ಅವರು ಆ ಗುಂಡಿಗಳನ್ನೆಲ್ಲ ಒಂದೊಂದಾಗಿ ನಡುಗೆರೆಗೆ ತಂದು ನಿಲ್ಲಿಸಿದರು.

"ಕಾಣಿ, ಶಬ್ದಕ್ಕೆ ನೀವ್ ಎಂತದೂ ಮಾಡುದ್ ಬೇಡ. ಅದ್ ಬಂದ್ ಹಾಂಗೇ ಹೋಗ್ಲಿ. ಕಂಪ್ಯೂಟರ್‌ಗೆ ಮಧ್ಯ ಬಾಯಿ ಹಾಕುಕ್ ಬಿಡ್ಬೇಡಿ."

ಕಂಪ್ಯೂಟರಿನ ಬಾಯಿ ಮುಚ್ಚಿಸುವುದನ್ನು ನಾನು ಎರಡು ವರ್ಷ ಅವರಿಂದ ಕಲಿತೆ. ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಕಂಪ್ಯೂಟರು ಸ್ವರವನ್ನು ಚೂರುಚೂರಾಗಿ ಇಟ್ಟುಕೊಳ್ಳುತ್ತದೆ. ಸಿಡಿಗೆ ಒಂದು ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಚೂರು. ಹೈ ರೆಸಲ್ಯೂಶನ್ ಅನ್ನುವ ಹೊಸ ನಮೂನೆಯಲ್ಲಿ ತೊಂಬತ್ತಾರು ಸಾವಿರ. ಸೆಕೆಂಡಿಗೆ ಎಷ್ಟು ಚೂರು ತೆಗೆದಿದ್ದೇವೋ, ನುಡಿಸುವಾಗಲೂ ಸೆಕೆಂಡಿಗೆ ಅಷ್ಟೇ ಬಿಡಬೇಕು. ಬಿಡುವಾಗ ಕಡಿಮೆ ಬಿಟ್ಟರೆ ಹಾಡು ಉದ್ದವಾಗುತ್ತದೆ, ಸ್ವರ ಕೆಳಗಿಳಿದು ದಪ್ಪವಾಗುತ್ತದೆ. ಕಂಪ್ಯೂಟರಿಗೆ ತನ್ನದೇ ಒಂದು ಅಳತೆ ಇರುತ್ತದೆ, ಬಂದದ್ದನ್ನೆಲ್ಲ ಆ ಅಳತೆಗೆ ತಿದ್ದಿಬಿಡುತ್ತದೆ. ಅದು ಹಾಗೆ ತಿದ್ದದಿರಲೆಂದು ಸೌಂಡ್ ಕಾರ್ಡಿನ ಕಿಟಕಿ ತೆರೆದು, ಬೇಕಾದ ಅಂಕಿ ಇಟ್ಟು, ಪಕ್ಕದ ಬೀಗದ ಗುರುತಿಗೆ ಟಿಕ್ ಹಾಕಬೇಕು. ಆಮೇಲೆ ಯಾರು ಏನು ಹೇಳಿದರೂ ಕಾರ್ಡು ಆ ಅಂಕಿಯಲ್ಲೇ ಓಡುತ್ತದೆ.

ಮಾಸ್ತರರು ತೊಂಬತ್ತಾರು ಸಾವಿರದ ಸಂಗೀತ ತಂದ ದಿನ ನಾನು ಹೀಗೆ ಬೀಗ ಹಾಕಿ ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು. "ಜಲಜಮ್ಮ, ಈ ತಾಲೂಕಂಗೆ ಇದ್ ಗೊತ್ತಿಪ್ಪರ್ ನೀವೊಬ್ರೇ" ಅಂದರು. ಮಗ್ಗಿ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರರು ಹೀಗೆ ಹೇಳಿದರೆ ಯಾರಿಗಾದರೂ ತಲೆ ತಿರುಗುತ್ತದೆ. ನನಗೂ ತಿರುಗಿತು. ರಾಮಚಂದ್ರಣ್ಣ ಕೆಳಗೆ ಬೋರ್ಡು ಬರೆಸಿ ಹಾಕಿದರು, ಹಳೆಯ ಕ್ಯಾಸೆಟ್ಟು ಹೈ ರೆಸಲ್ಯೂಶನ್ನಿಗೆ ಮಾಡಿಕೊಡಲಾಗುವುದು ಎಂದು.

ಆ ಬೋರ್ಡು ನೋಡಿ ಬಂದವಳು ಶಾರದ. ಗಂಗೊಳ್ಳಿಯವಳು, ಬಂದರಿನಲ್ಲಿ ಮೀನು ಆಯುವ ಕೆಲಸ, ವಯಸ್ಸು ನಲವತ್ತರ ಹತ್ತಿರ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಕ್ಯಾಸೆಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಒಳಗಿದ್ದದ್ದು ಅವಳ ಅಬ್ಬಿಯ, ಅಂದರೆ ತಾಯಿಯ, ಸ್ವರ.

ತಾಯಿ ಗುಲಾಬಿ ತೀರಿಕೊಂಡು ಆರು ವರ್ಷವಾಗಿತ್ತು. ಬದುಕಿದ್ದಾಗ ಬುಟ್ಟಿ ಹೊತ್ತು ಕುಂದಾಪುರದ ಓಣಿಗಳಲ್ಲಿ ಮೀನು ಮಾರುತ್ತಿದ್ದವಳು. ಅವಳು ಒಂದು ಓಣಿಯ ಬಾಯಿಗೆ ನಿಂತು ಕೂಗಿದರೆ ಮೂರನೇ ಓಣಿಯ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರಂತೆ. ಅದೇ ಸ್ವರದಲ್ಲಿ ಮದುವೆಮನೆಗಳಲ್ಲಿ ಶೋಭಾನೆ ಹೇಳುತ್ತಿದ್ದಳು. ಹಸೆಗೆ ಕರೆಯುವ ಹಾಡು ಗುಲಾಬಿಯ ಬಾಯಿಂದಲೇ ಆಗಬೇಕು ಎಂದು ಬೈಂದೂರಿನ ಆಚೆಯಿಂದಲೂ ಜನ ಬಂದು ಕರೆದುಕೊಂಡು ಹೋಗುತ್ತಿದ್ದರು. ಒಂದು ಮದುವೆಯಲ್ಲಿ ಮುಂಬೈ ಹೋಟೆಲಿನಿಂದ ರಜೆಗೆ ಬಂದಿದ್ದ ಆ ಮನೆಯ ಅಳಿಯ ಟೇಪ್ ರೆಕಾರ್ಡರ್ ಹಿಡಿದು ತುಂಬಿಸಿದ್ದು ಇದೊಂದೇ ಕ್ಯಾಸೆಟ್ಟು.

"ನಮ್ಮನಿ ಟೇಪ್ ಹಾಳಾಯಿ ಸುಮಾರ್ ವರ್ಷ ಆಯ್ತ್. ಅಬ್ಬಿ ಸ್ವರ ಕೇಣದೆ ಅಷ್ಟೇ ವರ್ಷ ಆಯ್ತ್. ಸಿಡಿ ಮಾಡಿ ಕೊಡಿ ಅಕ್ಕ" ಅಂದಳು.

ಸಿಡಿಗೆ ಹೋಗುವುದಾದರೆ ತೊಂಬತ್ತಾರು ಸಾವಿರಕ್ಕಿಂತ ಎಂಬತ್ತೆಂಟು ಸಾವಿರದ ಇನ್ನೂರು ಒಳ್ಳೆಯದು ಎಂದು ಮಾಸ್ತರರು ಹೇಳಿದ್ದರು. ಅದು ಸಿಡಿಯ ಅಳತೆಯ ಸರಿಯಾಗಿ ಎರಡರಷ್ಟು, ಶೇಷ ಉಳಿಯದೆ ಭಾಗವಾಗುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ನಾನು ರೆಕಾರ್ಡಿಂಗ್ ಪ್ರೋಗ್ರಾಮಿನಲ್ಲಿ ಎಂಬತ್ತೆಂಟು ಇಟ್ಟೆ. ಕಾರ್ಡಿನ ಕಿಟಕಿಯಲ್ಲಿ ಮಾಸ್ತರರಿಗಾಗಿ ಹಾಕಿದ ತೊಂಬತ್ತಾರರ ಬೀಗ ತೆಗೆಯಲು ಮರೆತೆ.

ಕಾರ್ಡು ತೊಂಬತ್ತಾರು ಸಾವಿರ ಚೂರು ಕೊಟ್ಟಿತು, ಪ್ರೋಗ್ರಾಮು ಅದಕ್ಕೆ ಎಂಬತ್ತೆಂಟು ಎಂದು ಚೀಟಿ ಅಂಟಿಸಿತು. ಬೀಗ ಇದ್ದಷ್ಟು ಹೊತ್ತು ಆ ಕಂಪ್ಯೂಟರಿನಲ್ಲಿ ತಪ್ಪು ಕೇಳುವುದಿಲ್ಲ, ಏಕೆಂದರೆ ನುಡಿಸುವಾಗಲೂ ಕಾರ್ಡು ತೊಂಬತ್ತಾರರಲ್ಲೇ ಓಡುತ್ತದೆ. ನಾನು ಕೇಳಿ ನೋಡಿದೆ, ಚಂದ ಇತ್ತು. ಸಿಡಿ ಮಾಡುವಾಗ ಮಾತ್ರ ಕಂಪ್ಯೂಟರು ಚೀಟಿಯನ್ನು ನಂಬಿತು. ಆ ಸಿಡಿಯಲ್ಲಿ ಗುಲಾಬಿ ನಿಧಾನವಾಗಿ, ಗಂಟಲು ಕಟ್ಟಿದವಳ ಹಾಗೆ ಹಾಡಿದಳು.

ವಾರ ಕಳೆದು ಶಾರದ ಬಂದಳು. ಮುಖ ಸಪ್ಪಗಿತ್ತು.

"ಅಕ್ಕ, ಬೇಜಾರ್ ಮಾಡ್ಕಂಬೇಡಿ. ಇದ್ ನಮ್ಮಬ್ಬಿ ಸ್ವರ ಅಲ್ಲ."

"ಅಲ್ಲ ಅಂದ್ರೆ? ನೀನು ಕೊಟ್ಟ ಕ್ಯಾಸೆಟ್ಟಿನದ್ದೇ ಅಲ್ದಾ?"

"ಹಾಡ್ ಅಬ್ಬಿದೇ. ಸ್ವರ ಅಲ್ಲ. ಅಬ್ಬಿ ಸ್ವರ ಸೂಜಿ ಹಾಂಗೆ. ಇದ್ ಯಾರೋ ದೊಡ್ಡ್ ಹೆಂಗ್ಸಿಂದ್."

ನಾನು ಸಿಡಿಯನ್ನು ಅಂಗಡಿಯ ಪ್ಲೇಯರಿಗೆ ಹಾಕಿದೆ. ಸ್ವಲ್ಪ ದಪ್ಪವೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಬದುಕಿದ್ದ ಗುಲಾಬಿಯನ್ನು ನಾನು ಕಂಡವಳಲ್ಲ, ಕೇಳಿದವಳಲ್ಲ; ಕಂಪ್ಯೂಟರಿನಲ್ಲಿ ಕೇಳಿ ವಾರ ಕಳೆದಿತ್ತು. ಹೈ ರೆಸಲ್ಯೂಶನ್ನಿನ ತೂಕ ಇದು ಎಂದುಕೊಂಡೆ. ಅವಳ ಕಿವಿಯದೇ ತಪ್ಪೆಂದು ಆಮೇಲೆ ಆಡಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

"ಕಾಣ್ ಶಾರದ, ಮನುಷ್ಯರ ಕೆಮಿ ಮರೀತ್ತ್. ಕಂಪ್ಯೂಟರ್ ಮರಿಯುದಿಲ್ಲೆ. ನೀನ್ ಇಷ್ಟ್ ವರ್ಷ ಹಾಳ್ ಟೇಪಂಗೆ ಕೇಂಡದ್, ಅದ್ ಚೀರುಸ್ವರ ಬರ್ಸ್ತಿತ್ತ್. ನಿನ್ನಬ್ಬಿ ನಿಜವಾದ್ ಸ್ವರ ಇದೇ."

ಅವಳು ಸಿಡಿಯನ್ನು ವಾಪಸು ಕೈಗೆ ತೆಗೆದುಕೊಂಡಳು. "ಆಯ್ಕಂಬುದ್. ನೀವ್ ಕಲ್ತರ್" ಅಂದಳು. ಹೋಗುವಾಗ ಮೆಟ್ಟಿಲಲ್ಲಿ ತಿರುಗಿ, "ಮಗ್ಳಾಯಿ ನಂಗೇ ಮರ್ತ್ಹೋಯ್ತ್ ಅಲ್ದಾ" ಅಂದಳು, ತನಗೆ ತಾನೇ ಬೈದುಕೊಂಡ ಹಾಗೆ.

ದೀಪಾವಳಿ ಕಳೆದ ಮೇಲೆ ಡಿಸ್ಕಿನಲ್ಲಿ ಜಾಗ ಸಾಲದೆ ಹಳೆಯ ಫೈಲುಗಳನ್ನು ತೆಗೆಯುತ್ತಿದ್ದೆ. ತೆಗೆಯುವ ಮುಂಚೆ ಪುಸ್ತಕದೊಂದಿಗೆ ತಾಳೆ ನೋಡುವುದು ನನ್ನ ಕ್ರಮ. ಗುಲಾಬಿ, ಎ ಬದಿ, ಇಪ್ಪತ್ತೊಂಬತ್ತು ನಿಮಿಷ ಹತ್ತು ಸೆಕೆಂಡು. ಪರದೆಯ ಮೇಲೆ ಮೂವತ್ತೊಂದು ನಿಮಿಷ ನಲವತ್ತೈದು. ನಾನು ಬರೆದದ್ದೇ ತಪ್ಪಿರಬೇಕೆಂದು ಬಿ ಬದಿ ನೋಡಿದೆ. ಅದೂ ಎರಡೂವರೆ ನಿಮಿಷ ಹೆಚ್ಚು. ಎರಡು ಸಲ ಒಂದೇ ಬಗೆಯಲ್ಲಿ ನಾನು ತಪ್ಪು ಬರೆಯುವವಳಲ್ಲ. ಅದು ಗೊತ್ತಿದ್ದದ್ದರಿಂದಲೇ ಕ್ಯಾಲ್ಕುಲೇಟರ್ ಎಳೆದುಕೊಂಡೆ. ಪರದೆಯ ಸಮಯವನ್ನು ಪುಸ್ತಕದ ಸಮಯದಿಂದ ಭಾಗಿಸಿ ನೋಡಿದೆ. ಎಂಬತ್ತೆಂಟಕ್ಕೂ ತೊಂಬತ್ತಾರಕ್ಕೂ ಇರುವ ಅನುಪಾತ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಚೀಟಿಯ ಅಂಕಿ ಬದಲಿಸಿದೆ. ಎರಡು ನಿಮಿಷದ ಕೆಲಸ. ಹೆಡ್‌ಫೋನ್ ಹಾಕಿಕೊಂಡೆ. ಸೂಜಿಯಂಥ ಸ್ವರ, ನೇರವಾಗಿ ಮೇಲಕ್ಕೆ ಹೋಗಿ ಅಲ್ಲೇ ಸಲೀಸಾಗಿ ನಿಂತಿತು. ಹಿಂದಿನಿಂದ ಇನ್ನೊಬ್ಬ ಹೆಂಗಸು ಸೊಲ್ಲು ಹಿಡಿಯುತ್ತಾಳೆ. ನಡುವೆ ಎಲ್ಲೋ ಬಳೆಗಳ ಸದ್ದು, ಯಾರೋ ನಕ್ಕದ್ದು. ಒಂದು ಮದುವೆಮನೆ ಅಷ್ಟೂ ಎಚ್ಚರವಾದ ಹಾಗಾಯಿತು.

ಆ ದಿನವೇ ಗಂಗೊಳ್ಳಿಯ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಮಾರನೇ ದಿನವೂ ಹತ್ತಲಿಲ್ಲ. ಬಂದಾಗ ಹೇಳಿದರಾಯಿತು ಎಂದುಕೊಂಡೆ. ಬೋರ್ಡಿನ ಮರ್ಯಾದೆ, ಯಜಮಾನರು ಏನೆಂದಾರು, ಮಾಸ್ತರರಿಗೆ ತಿಳಿದರೆ, ಹೀಗೆ ಒಂದೊಂದು ದಿನ ಒಂದೊಂದು ಕಾರಣ ಸಿಗುತ್ತಿತ್ತು. ಒಳಗಿದ್ದ ಕಾರಣ ಒಂದೇ. "ಮನುಷ್ಯರ ಕೆಮಿ ಮರೀತ್ತ್" ಎಂದು ಅವಳ ಮುಖಕ್ಕೆ ಹೇಳಿದ ಬಾಯಿಂದ ಈಗ ಅದಕ್ಕೆ ತಿರುಗಾಮುರುಗಾ ಹೇಳಬೇಕಲ್ಲ ಎಂಬುದು. ರಾಮಚಂದ್ರಣ್ಣನಿಗೆ ಹೇಳಿದ್ದರೆ ಅವರೇ ಹೋಗಿ ಹೇಳಿ, ನಗಿಸಿ ಬರುತ್ತಿದ್ದರು. ಅವರಿಗೂ ಹೇಳಲಿಲ್ಲ.

ಬೇಸಿಗೆ ಶುರುವಾಗುವಾಗ ಶಾರದ ತಾನಾಗಿಯೇ ಬಂದಳು. ಕೈಯಲ್ಲಿ ಮದುವೆ ಕಾಗದ, ತಂಗಿಯ ಮಗಳದ್ದು. "ಅಬ್ಬಿ ಸಿಡಿ ಇನ್ನೂ ಎಂಟ್ ಬೇಕ್. ನೆಂಟ್ರಿಗೆಲ್ಲ ಕೊಡ್ಕ್. ಹಸಿಗೆ ಕರುವತಿಗೆ ಅಬ್ಬಿ ಹಾಡೇ ಹಾಕುದ್ ಅಂದ್ಹೇಳಿ ಮಾಡಿತ್. ನೀವೂ ಬರ್ಕ್, ತಪ್ಸುಕಾಗ."

ಸರಿಯಾದ ಫೈಲು ಕಂಪ್ಯೂಟರಿನಲ್ಲಿತ್ತು. ಪಕ್ಕದಲ್ಲೇ ತಪ್ಪಿನದ್ದೂ ಇತ್ತು. ಸರಿಯಾದದ್ದನ್ನು ಕೊಟ್ಟರೆ ಮೊದಲು ಕೊಟ್ಟದ್ದು ತಪ್ಪೆಂದು ತಿಳಿಯುತ್ತದೆ. ನಾನು ತಪ್ಪಿನದ್ದನ್ನೇ ಎಂಟು ಸಿಡಿಗೆ ತುಂಬಿದೆ. ಒಂದಾದ ಮೇಲೆ ಒಂದರಂತೆ ಎಂಟು ಸಲ ಟ್ರೇ ಹೊರಗೆ ಬಂತು. ಎಂಟು ಸಲವೂ ನಿಲ್ಲಿಸಬಹುದಿತ್ತು. ಮೊದಲಿನದ್ದು ಮರೆವು. ಈ ಎಂಟಕ್ಕೆ ಮರೆವೆನ್ನುವ ಹೆಸರಿಲ್ಲ.

ಮದುವೆ ಬೈಂದೂರಿನ ಹತ್ತಿರ ಒಂದು ಹಾಲಿನಲ್ಲಿ. ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದೆ. ಶಾರದ ನನ್ನ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದಳು. "ಅಬ್ಬಿ ಸ್ವರ ತೆಗ್ದ್ ಕೊಟ್ಟರ್ ಇವ್ರೇ" ಎಂದು ನಾಲ್ಕು ಜನರಿಗೆ ಪರಿಚಯ ಮಾಡಿದಳು. ಹುಡುಗಿಯನ್ನು ಹಸೆಗೆ ಕರೆಯುವ ಹೊತ್ತಾಯಿತು. ಮೈಕಿನವನು ಸಿಡಿ ಹಾಕಿದ.

ಅಷ್ಟು ದೊಡ್ಡ ಸ್ಪೀಕರಿನಲ್ಲಿ ಆ ಸ್ವರ ಇನ್ನೂ ದಪ್ಪವಾಗಿ ಕೇಳಿತು. ಮುಂದೆ ಚಾಪೆಯ ಮೇಲೆ ಏಳೆಂಟು ಮುದುಕಿಯರು ಕೂತಿದ್ದರು. ಅವರಲ್ಲಿ ಒಬ್ಬಳು ಸುಬ್ಬಕ್ಕ, ಗುಲಾಬಿಯ ಜೊತೆಗೆ ಜನ್ಮವಿಡೀ ಸೊಲ್ಲು ಹಿಡಿದವಳು. ಕ್ಯಾಸೆಟ್ಟಿನಲ್ಲಿ ಹಿಂದಿನಿಂದ ಕೇಳುವ ಸ್ವರ ಅವಳದೇ. ಸುಬ್ಬಕ್ಕ ಜೊತೆಗೂಡಲು ಬಾಯಿ ತೆರೆದಳು. ಅವಳ ಗಂಟಲು ಅಭ್ಯಾಸದ ಎತ್ತರಕ್ಕೆ ಹೋಯಿತು, ಹಾಡು ಕೆಳಗಿತ್ತು. ಮತ್ತೆ ಕೆಳಗಿಂದ ಹಿಡಿದಳು. ಹಾಡು ನಿಧಾನ, ಇವಳು ಮುಂದೆ ಹೋಗಿಬಿಟ್ಟಳು. ಮೂರನೇ ಸಲ ಸ್ವರ ಒಡೆಯಿತು. ಬಾಕಿ ಹೆಂಗಸರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಗುಲಾಬಿ ಒಬ್ಬಳೇ ಹಾಡಿದಳು.

"ಹೆಣ್ಣೇ ಶಾರದ, ಇದ್ ಗುಲಾಬಿ ಅಲ್ಲ" ಅಂದಳು ಸುಬ್ಬಕ್ಕ.

"ಅದೇ ಸರಿ ಸುಬ್ಬಕ್ಕ" ಅಂದಳು ಶಾರದ. "ಕಂಪ್ಯೂಟರಂಗೆ ತೆಗ್ದದ್. ಮನುಷ್ಯರ ಕೆಮಿ ಮರೀತ್ತ್, ಕಂಪ್ಯೂಟರ್ ಮರಿಯುದಿಲ್ಲೆ."

ನನ್ನ ಮಾತು, ನನ್ನೆದುರಿಗೇ. ಅವಳು ಅದನ್ನು ನನ್ನ ಕಡೆ ನೋಡಿ ನಗುತ್ತ ಹೇಳಿದಳು, ಪಾಠ ಸರಿಯಾಗಿ ಒಪ್ಪಿಸಿದೆನಲ್ಲ ಎನ್ನುವ ಹಾಗೆ. ನಾನು ತಲೆ ಆಡಿಸಿದೆ.

ಊಟಕ್ಕೆ ಸುಬ್ಬಕ್ಕ ನನ್ನ ಪಕ್ಕದಲ್ಲೇ ಕೂತಳು. ಅನ್ನ ಕಲಸುತ್ತ ಕಲಸುತ್ತ ಮೆಲ್ಲಗೆ ಕೇಳಿದಳು: "ನೀವ್ ಓದಿದರ್, ನಿಮ್ಗ್ ಗೊತ್ತಿಕ್ಕ್. ಸತ್ತರ್ ಸ್ವರ ಹೀಂಗೆ ದಪ್ಪ ಆಪ್ದಾ?"

ನಾನು ಬಡಿಸುವವನನ್ನು ಕರೆದು ಸಾರು ಹಾಕಿಸಿಕೊಂಡೆ. ಅವಳೇ ಮುಂದುವರಿಸಿದಳು: "ನಂದೂ ಅದ್ರಂಗ್ ಇತ್ತಲೆ. ನಾನಿನ್ನೂ ಸಾಯ್ಲಿಲ್ಲೆ. ನಂದ್ ಎಂತಕ್ ದಪ್ಪ ಆಯ್ತ್?" ಹೇಳಿ, ತನ್ನ ಮಾತಿಗೆ ತಾನೇ ನಕ್ಕಳು. ಎದುರಿನ ಸಾಲಿನವಳು, "ನೀ ಮೀನ್ ತಿಂದ್ ತಿಂದ್ ದಪ್ಪ ಆದ್ ಹಾಂಗೆ ಸ್ವರವೂ ಆಯ್ತ್ ಬಿಡ್" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. 

ಮಳೆ ಹಿಡಿಯಿತು. ಬೋಟುಗಳು ಕಡಲಿಗೆ ಇಳಿಯದ ದಿನಗಳು, ಶಾರದಳಿಗೆ ಬಂದರಿನಲ್ಲಿ ಕೆಲಸವಿಲ್ಲ. ಒಂದು ಮಧ್ಯಾಹ್ನ ಕೊಡೆ ಮಡಚಿಕೊಂಡು ಮಹಡಿ ಹತ್ತಿ ಬಂದಳು.

"ಅಕ್ಕ, ನಂದೂ ಒಂದ್ ತುಂಬ್ಸಿ ಕೊಡಿ. ನನ್ ಮಗ್ಳಿಗ್ ಇರ್ಲಿ. ನಾನ್ ಇಷ್ಟ್ ವರ್ಷ ತಪ್ಪೇ ಹಾಡ್ತಿದ್ದೆ, ಅಬ್ಬಿ ಸಣ್ಣ್ ಸ್ವರ್ದವ್ಳ್ ಅಂದ್ಕಂಡ್ ಎಳ್ದ್ ಎಳ್ದ್ ಹಾಡ್ತಿದ್ದೆ. ಈಗ ಸಿಡಿ ಹಾಕ್ಕಂಡ್ ಕಲ್ತೆ. ಈಗ ಸರಿ ಬತ್ತ್."

ಮೈಕಿನ ಮುಂದೆ ಕೂತು ಹಾಡಿದಳು. ಅವಳದು ತಾಯಿಯದೇ ಗಂಟಲು, ಮಾತಾಡುವಾಗಲೇ ಗೊತ್ತಾಗುತ್ತದೆ. ಅದನ್ನು ಗಲ್ಲ ಎದೆಗೆ ಒತ್ತಿ, ಕೆಳಕ್ಕೆ ಅದುಮಿ ಅದುಮಿ ಹಾಡುತ್ತಿದ್ದಳು. ಎರಡನೇ ಸೊಲ್ಲಿಗೆ ಕೆಮ್ಮು ಬಂತು. ನೀರು ಕುಡಿದಳು. ಮತ್ತೆ ಅದುಮಿದಳು, ಮತ್ತೆ ಕೆಮ್ಮು. "ತಡಿನಿ, ಇನ್ನೊಂದ್ಸಲ. ಮನ್ಯಂಗೆ ಸರಿ ಬತ್ತಿತ್ತ್" ಅಂದಳು. ನಾಲ್ಕನೇ ಸಲಕ್ಕೆ ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

"ಶಾರದ, ಹಾಡ್ಬೇಡ. ತಪ್ಪು ನಿಂದಲ್ಲ."

ಅಷ್ಟು ಹೇಳಿ ಸರಿಯಾದ ಫೈಲು ಹಾಕಿದೆ. ಮೊದಲ ಸೊಲ್ಲು ಬಂತು. ಅವಳ ಕೈಯಲ್ಲಿ ನೀರಿನ ಲೋಟ ಹಾಗೆಯೇ ಇತ್ತು. ಹಾಡು ಮುಗಿಯುವವರೆಗೂ ಅದನ್ನು ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ.

"ಇದೇ" ಅಂದಳು. "ಮೀನ್ ಕೊಡುಕ್ ಹೋಪತಿಗೆ ಹೀಂಗೇ ಕೂಗ್ತಿದ್ಳ್." ಲೋಟ ಕೆಳಗಿಟ್ಟು, "ಹಾಂಗಾರೆ ನಂಗ್ ಮರ್ತ್ ಹೋಯ್ಲಿಲ್ಲೆ" ಅಂದಳು.

"ಇಲ್ಲ. ನಿಂಗೆ ಮರೆತಿರಲಿಲ್ಲ. ನಾನೇ ಒಂದು ಅಂಕಿ ತಪ್ಪಿಟ್ಟದ್ದು."

ನಾನು ಬೀಗ, ಚೀಟಿ, ಚೂರು ಎಲ್ಲ ವಿವರಿಸತೊಡಗಿದೆ. ಅವಳಿಗೆ ಅದು ಬೇಕಿರಲಿಲ್ಲ. ಅವಳು ಕೇಳಿದ್ದು ಒಂದೇ.

"ನಿಮ್ಗ್ ಯಾವಾಗ್ ಗೊತ್ತಾಯ್ತ್?"

"ಮೊನ್ನೆ" ಅಂದೆ.

ಅಷ್ಟು ಬೇಗ ಬಂತು ಆ ಮಾತು. ಯೋಚನೆ ಮಾಡಿ ಹೇಳಿದ ಸುಳ್ಳಾದರೂ ಆಗಿದ್ದರೆ ಅದಕ್ಕೊಂದು ಕಾರಣ ಹೇಳಬಹುದಿತ್ತು.

"ಮದ್ವಿಗಿಂತ ಮುಂಚೆ ಗೊತ್ತಾಯಿರೆ ಸುಬ್ಬಕ್ಕನೂ ಹಾಡ್ತಿದ್ಳ್" ಅಂದಳು. ನನ್ನ ಮುಖ ಹೇಗಾಯಿತೋ, ಅವಳೇ ಸಮಾಧಾನ ಮಾಡಿದಳು: "ಆಯ್ಲಿ ಬಿಡಿ ಅಕ್ಕ. ಗೊತ್ತಾದ್ ಕೂಡ್ಲೇ ಹೇಳಿದ್ರಲೆ. ಬೇರೆಯರಾರೆ ಮುಚ್ಚಿ ಹಾಕ್ತಿದ್ರ್."

ಹಂಚಿದ ಸಿಡಿಗಳನ್ನೆಲ್ಲ ಅವಳೇ ಮನೆಮನೆಗೆ ಹೋಗಿ ವಾಪಸು ತಂದಳು, ನಾನು ಬದಲಿಸಿ ಕೊಟ್ಟೆ. ಒಂದು ಪೊಟ್ಟಣ ಒಣ ಸಿಗಡಿಯನ್ನೂ ತಂದಿದ್ದಳು. ಸುಬ್ಬಕ್ಕನಿಗೆ ಸರಿಯಾದದ್ದನ್ನು ಕೇಳಿಸಿದಾಗ ಅವಳು ಯಾರನ್ನೂ ಏನೂ ಅನ್ನಲಿಲ್ಲವಂತೆ. ಗೋಡೆಗೆ ಒರಗಿ ಕೂತು, ಮೊದಲಿನಿಂದ ಕೊನೆಯವರೆಗೆ ತನ್ನ ಸೊಲ್ಲು ಹಿಡಿದಳಂತೆ. ಆದರೆ ಅದು ಅವಳ ಮನೆಯ ಜಗಲಿಯಲ್ಲಿ. ಆ ಹುಡುಗಿಯ ಹಸೆ ಮುಗಿದುಹೋಗಿತ್ತು.

ಆಮೇಲಿನ ವರ್ಷಗಳಲ್ಲಿ ಗಂಗೊಳ್ಳಿಯಿಂದ, ಕುಂಭಾಶಿಯಿಂದ, ಶಂಕರನಾರಾಯಣದ ಕಡೆಯಿಂದಲೂ ಜನ ಹಳೆಯ ಕ್ಯಾಸೆಟ್ಟು ಹಿಡಿದು ಬಂದರು. ಯಾರು ಕಳಿಸಿದ್ದು ಎಂದು ಕೇಳಿದರೆ ಬಹಳ ಮಂದಿ ಶಾರದಳ ಹೆಸರು ಹೇಳುವರು. "ತಪ್ಪಾರೆ ತಪ್ಪ್ ಅಂದ್ಹೇಳಿ ಹೇಳು ಹೆಂಗ್ಸ್, ಹೆದ್ರುದ್ ಬೇಡ ಅಂದ್ಳ್" ಎನ್ನುವರು. ನಾನು ಕ್ಯಾಸೆಟ್ಟು ತೆಗೆದುಕೊಂಡು ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದೆ. ಎಲ್ಲರ ಕೈಗೂ ಹಾಡುಗಳು ಮೊಬೈಲಿನಲ್ಲೇ ಬಂದು ಅಂಗಡಿ ಮುಚ್ಚುವವರೆಗೂ ಆ ಹೆಸರಿನ ಮೇಲೆಯೇ ನನ್ನ ಕೆಲಸ ನಡೆಯಿತು.

ಸೆಟ್ಟಿಂಗ್ ಕೇಳಿ ಬಂದ ಮಕ್ಕಳೇ, ತೊಂಬತ್ತಾರಾದರೂ ಇಡಿ, ಎಂಬತ್ತೆಂಟಾದರೂ ಇಡಿ. ಪ್ರೋಗ್ರಾಮಿನ ಅಂಕಿಯೂ ಕಾರ್ಡಿನ ಅಂಕಿಯೂ ಒಂದೇ ಇರಲಿ, ಬೀಗ ಹಾಕಿದ್ದನ್ನು ತೆಗೆದು ನೋಡಿ, ಮಾಡಿದ ಸಿಡಿಯನ್ನು ಗಡಿಯಾರ ಹಿಡಿದು ಕೇಳಿ. "ಇದು ನಮ್ಮ ತಾಯಿಯ ಸ್ವರ ಅಲ್ಲ" ಎಂದು ಯಾರಾದರೂ ಬಂದು ಹೇಳಿದರೆ ಅವರನ್ನು ಕೂರಿಸಿ, ಯಂತ್ರವನ್ನು ಮೊದಲಿನಿಂದ ಪರೀಕ್ಷೆ ಮಾಡಿ. ಕೆಲಸದ ಮಾತು ಇಷ್ಟೇ.

ಇನ್ನೊಂದು ಮಾತು ಶಾರದಳಿಗೆ. ಅವಳ ಮಗಳು ಪತ್ರಿಕೆ, ಪುಸ್ತಕ ಓದುವವಳು, ಇದನ್ನೂ ತಾಯಿಗೆ ಓದಿ ಹೇಳಬಹುದು. ಶಾರದ, ನನಗೆ ಗೊತ್ತಾದದ್ದು ಮೊನ್ನೆ ಅಲ್ಲ. ದೀಪಾವಳಿ ಕಳೆದು ಹತ್ತು ದಿನಕ್ಕೇ ಗೊತ್ತಾಗಿತ್ತು. ನೀನು ಮದುವೆ ಕಾಗದ ಕೊಟ್ಟ ದಿನ ಗೊತ್ತಿತ್ತು, ಎಂಟು ಸಿಡಿ ತುಂಬುವಾಗ ಗೊತ್ತಿತ್ತು, ಸುಬ್ಬಕ್ಕನ ಪಕ್ಕದಲ್ಲಿ ಕೂತು ಉಣ್ಣುವಾಗಲೂ ಗೊತ್ತಿತ್ತು.